ಕಲ್ಲು ಬಾಯಿಬಿಟ್ಟ ಹೊತ್ತು

ಬಾದಾಮಿಯ ಮನೆಮನೆಯಲ್ಲೂ ಒಲೆಯೆಂದರೆ ಒಂದು ಮರಳುಗಲ್ಲು. ಅದರ ಕೂದಲಿಗಿಂತ ಸಣ್ಣ ರಂಧ್ರಗಳಲ್ಲಿ ಗ್ಯಾಸು ಬಿಗಿಯಾಗಿ ಕೂತಿರುತ್ತದೆ. ತಾನು ಹಿಂದೆಂದೂ ಕೇಳಿರದ ಗುಟ್ಟೊಂದನ್ನು ಪಿಸುಗುಟ್ಟಿದರೆ ಮಾತ್ರ ಕಲ್ಲು ಬಾಯಿಬಿಟ್ಟು ಉರಿ ಕೊಡುತ್ತದೆ.

ಇವತ್ತು ಹೊಳೆಬಸವ್ವನ ಮಗಳನ್ನು ನೋಡಲು ಬಂದವರು ಪಡಸಾಲೆಯಲ್ಲಿ ಕೂತಿದ್ದರು. ಉಪ್ಪಿಟ್ಟು ತಿಂದಾಗಿತ್ತು, ಇನ್ನು ಚಹಾ ಆಗಬೇಕಿತ್ತು. ಹೊಳೆಬಸವ್ವ ಒಲೆಯತ್ತ ಬಾಗಿ, "ಪೋಸ್ಟ್ ಮಾಸ್ತರು ತಲೀಗೆ ಬಣ್ಣ ಹಚ್ಚತಾರ," ಎಂದಳು. ಹಳೇ ಸುದ್ದಿ, ಕಲ್ಲು ಮಿಸುಕಲಿಲ್ಲ.

"ನಮ್ಮ ನಾದಿನಿ ಹಲ್ಲಿನ ಸೆಟ್ ಹಾಕ್ಕೊಂಡಾಳ."

ಟುಸ್ ಎಂದಿತು, ಅಷ್ಟೇ.

ಬೇರೆ ದಾರಿಯಿಲ್ಲದೆ ಅವಳು ಕಣ್ಣು ಮುಚ್ಚಿ ಹೇಳಿಯೇಬಿಟ್ಟಳು: "ಆ ಉಪ್ಪಿಟ್ಟು ನನ್ನ ಮಗಳು ಮಾಡಿದ್ದಲ್ಲ, ಹೋಟೆಲ್ದಾಗಿಂದ ತರಿಸಿದ್ದು."

ಭಗ್ಗೆಂದು ಮೊಣಕಾಲೆತ್ತರ ಉರಿ ಎದ್ದಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಹುಡುಗನ ತಾಯಿ! ಹೊಳೆಬಸವ್ವ ಗಡಬಡಿಸಿ ಚಹಾದ ಪಾತ್ರೆಯನ್ನು ಉರಿಯ ಮೇಲಿಟ್ಟಳು.

ಆಕೆ ಮಾತ್ರ ಉರಿಯನ್ನೇ ಆಸೆಗಣ್ಣಿನಿಂದ ನೋಡುತ್ತಿದ್ದಳು. "ನಮ್ಮ ಮನ್ಯಾಗ ಯಾರಿಗೂ ಏನೂ ಮುಚ್ಚಿಡಾಕ ಬರೂದಿಲ್ರಿ," ಎಂದು ನಿಟ್ಟುಸಿರು ಬಿಟ್ಟಳು. "ನಾಕ ದಿನ ಆತು, ಬರೇ ಚುರುಮುರಿ ತಿಂದ ಕುಂತೀವಿ. ಹುಡುಗಿ ನಮಗ ಒಪ್ಪಿಗಿ ಐತ್ರಿ. ಇಂಥಾ ಮನಿ ಹುಡುಗಿ ಬಂದ್ರ ನಮ್ಮ ಒಲಿ ಎಂದೂ ಆರೂದಿಲ್ಲ."