ಹತ್ತು ಕಿಲೋದ ಪೆಂಟಿ

ಈಗಲೂ ಬೆಲ್ಲ ಕುಟ್ಟುವಾಗ ಅದರ ವಾಸನೆಗೆ ಆ ಮಧ್ಯಾಹ್ನ ಎದ್ದು ಬರುತ್ತದೆ, ಸಿಟ್ಟಿನ ಸಮೇತ.

ನಾನಾಗ ಐದನೆಯ ಇಯತ್ತೆ. ಬೆಳಿಗ್ಗೆ ಇಂಗ್ಲಿಷ್ ಟ್ಯೂಷನ್‌ನಲ್ಲಿ 'ಟೆನ್ ಕಿಲೋಸ್ ಆಫ್ ಜಾಗರಿ ಆರ್ ಎನಫ್' ಎಂದು ಬರೆದಿದ್ದೆ. ಸರ್ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು.

"ಹತ್ತು ಕಿಲೋ ಇದ್ರೂ ತೂಕ ಒಂದ. 'ಆರ್' ಅಲ್ಲ, 'ಈಸ್' ಬರೀಬೇಕು. ನಿಮ್ಮಪ್ಪ ಬೆಲ್ಲ ಮಾರಿ ಮಾರಿ ನಿನ್ನ ತಲ್ಯಾಗೂ ಅದನ್ನ ತುಂಬ್ಯಾನ."

ಎಲ್ಲರೂ ನಕ್ಕರು. ನನ್ನನ್ನು ಬೈದದ್ದು ಹೋಗಲಿ, ಅಪ್ಪನಿಗೆ ಏಕವಚನ!

ಅದೇ ಮಧ್ಯಾಹ್ನ ಸರ್ ಮಾರ್ಕೆಟ್ ಯಾರ್ಡ್‌ನ ನಮ್ಮ ಸಗಟು ಅಂಗಡಿಗೆ ಬಂದರು. ಅಲ್ಲಿ ಬೆಲ್ಲ ಮಾರುವುದು ಪೆಂಟಿಯ ಲೆಕ್ಕದಲ್ಲಿ, ಹತ್ತು ಕಿಲೋದ ಇಡೀ ಗಟ್ಟಿಯಾಗಿ. ಗುರುತಿನವರಿಗಷ್ಟೇ ಅಪ್ಪ ಕತ್ತಿಯಿಂದ ಒಡೆದು ಕೊಡುತ್ತಿದ್ದರು.

"ಎರಡು ಕಿಲೋ ಸಾಕ್ರಿ," ಎಂದರು ಸರ್.

"ಬರ್ರಿ ಸರ್, ಕೂಡ್ರಿ," ಎನ್ನುತ್ತ ಅಪ್ಪ ಕತ್ತಿ ಹುಡುಕತೊಡಗಿದರು. ಅದು ನಾನು ಕುಳಿತಿದ್ದ ಗೋಣಿಚೀಲದ ಕೆಳಗಿತ್ತು. ಸರ್ ಬರುವುದನ್ನು ಕಂಡೊಡನೆ ನಾನೇ ಅಡಗಿಸಿದ್ದೆ.

"ಕತ್ತಿ ನೋಡೀಯೇನವಾ?"

"ಇಲ್ಲಪ್ಪಾ," ಎಂದು ಸರ್ ಕಡೆ ತಿರುಗಿದೆ. "ಹತ್ತು ಕಿಲೋ ಇದ್ರೂ ಪೆಂಟಿ ಒಂದ ಅಲ್ರಿ ಸರ್? ಮುಂಜಾನೆ ಬೆಂಚಿನ ಮ್ಯಾಲೆ ನಿಲ್ಲಿಸಿ ನೀವ ಹೇಳಿಕೊಟ್ರಿ."

ಅಪ್ಪ ನನ್ನ ಮುಖ ನೋಡಿದರು, ಆಮೇಲೆ ಗೋಣಿಚೀಲ ನೋಡಿದರು.

"ಕತ್ತಿ ಸಿಗವಲ್ದು ಸರ್. ಪೂರಾ ಪೆಂಟಿ ಒಯ್ಯಿರಿ, ಗುರುಗಳಿಗೆ ನಮ್ಮ ಕಾಣಿಕಿ," ಎಂದು ಅದನ್ನೆತ್ತಿ ಅವರ ಹೆಗಲ ಮೇಲೆ ಇಟ್ಟೇಬಿಟ್ಟರು.

ಬಿಸಿಲಿಗೆ ಬೆಲ್ಲ ಜಿನುಗಿ ಸರ್ ಅವರ ಬಿಳಿ ಅಂಗಿಗೆ ಇಳಿಯುವುದನ್ನು ಗೇಟು ದಾಟುವವರೆಗೂ ಕಣ್ತುಂಬ ನೋಡಿದೆ.

"ಇನ್ನ ಏಳವಾ," ಎಂದರು ಅಪ್ಪ. "ಕತ್ತಿ ಭಾಳ ಹರಿತ ಅದ."