ಅಳಿಸಿದ ನಾಲ್ಕು ಸಾಲು

“ಸಂಜೆ ನಾಲ್ಕರ ಮಾತ್ರೆ ಬೆಳಿಗ್ಗೆ ಹತ್ತಕ್ಕೇ ಹೊರಗೆ ಬಂತಲ್ಲಪ್ಪ,” ಎಂದಿತು ಫೋನಿನಲ್ಲಿ ವಯಸ್ಸಾದ ಹೆಂಗಸಿನ ದನಿ.

ಆ ಮಾತ್ರೆ ಡಬ್ಬಿಗೆ ಪ್ರೋಗ್ರಾಂ ಬರೆದವನು ಕುರ್ಚಿಯಿಂದ ಎದ್ದುನಿಂತ. ಹೃದಯದ ಮಾತ್ರೆ. ಎಂಟಕ್ಕೊಂದು ಆಗಲೇ ನುಂಗಿರುತ್ತಾರೆ. ಡಬ್ಬಿಯೊಳಗಿನ ಗಡಿಯಾರದ ಚಿಪ್‌ಗೆ ಗಂಟೆಯನ್ನು ಬಿಡಿ ಬಿಡಿ ಅಂಕಿಯಾಗಿ, ಅಂದರೆ ಬಿಸಿಡಿಗೆ ಬದಲಾಯಿಸಿ ಕೊಡಬೇಕು. ಆ ಕೆಲಸ ಮಾಡುತ್ತಿದ್ದ ನಾಲ್ಕು ಸಾಲು ಅಸೆಂಬ್ಲಿ ಕೋಡನ್ನು, ಯಾಕಿದೆಯೆಂದು ತಿಳಿಯದೆ, ಹೋದ ವಾರ ಅವನೇ ಅಳಿಸಿದ್ದ. ಎಂಟು ಎಂಟಾಗಿಯೇ ಉಳಿದಿತ್ತು. ಸಂಜೆ ನಾಲ್ಕು, ಅಂದರೆ ಹದಿನಾರು ಗಂಟೆ, ಯಂತ್ರದ ಹೆಕ್ಸ್ ಲೆಕ್ಕದಲ್ಲಿ 10 ಎಂದಿರುವುದರಿಂದ ಅದನ್ನು ಮಾತ್ರ ಚಿಪ್ ಹತ್ತು ಎಂದು ಓದಿತ್ತು.

“ನುಂಗಿಬಿಟ್ರಾ ಅಮ್ಮಾ?”

“ಮೊದ್ಲು ನಿಮ್ಮ ಹೆಸರು ಹೇಳಿ.”

“ವಾಗೀಶ ಅಂತ. ದಯವಿಟ್ಟು ಹೇಳಿ, ನುಂಗಿದ್ರಾ?”

“ಯಾಕೆ ಹೀಗಾಯ್ತು, ಅದನ್ನ ಹೇಳಿ.”

ಅವನು ಕಿಟಕಿಯವರೆಗೆ ಹೋಗಿ ಮತ್ತೆ ಬಾಗಿಲಿಗೆ ಬಂದ. “ಬ್ಯಾಟರಿ ವೀಕಾಗಿರ್ಬೇಕು, ಅಷ್ಟೇ.”

ಆ ಕಡೆ ಡಬ್ಬಿಯ ಮುಚ್ಚಳ ಮುಚ್ಚಿದ ಸದ್ದು ಕೇಳಿಸಿತು.

“ನುಂಗಿಲ್ಲ ಬಿಡೋ ವಾಗೀಶ. ಡಿಪ್ಲೊಮಾ ಲ್ಯಾಬ್ ಪರೀಕ್ಷೇಲೂ ನೀನು ಬಿಸಿಡಿ ಮಾಡೋದು ಮರೆತು, ತಪ್ಪೆಲ್ಲ ಪವರ್ ಸಪ್ಲೈದು ಅಂತ ಪರೀಕ್ಷೆ ಮಾಡ್ತಿದ್ದ ನನ್ನ ಮುಂದೆ ಹೀಗೇ ಹೇಳಿದ್ದೆ.”