ಮಾಸ್ತರರ ಪುಟ

ನಾಟಕ ಕಂಪನಿಯ ಜೊತೆ ಹೋದ ಹಾರ್ಮೋನಿಯಂ ಮಾಸ್ತರ ಚನ್ನವೀರಪ್ಪ ಮನೆಗೆ ಮರಳಲೇ ಇಲ್ಲ. ಮಕ್ಕಳಿಲ್ಲದ ನೀಲವ್ವ ಹಟ ಹಿಡಿದು ಕಂಪ್ಯೂಟರ್ ಕಲಿತು, ವಿಕಿಪೀಡಿಯದಲ್ಲಿ ಗಂಡನಿಗೊಂದು ಪುಟ ಬರೆದಳು. ಎಲ್ಲಿದ್ದರೂ ಎಂದಾದರೊಮ್ಮೆ ಅದು ಅವನ ಕಣ್ಣಿಗೆ ಬಿದ್ದೀತು ಎಂಬ ಆಸೆ. ಅವನ ಹೆಸರು ದಪ್ಪಕ್ಷರದಲ್ಲಿ ಕಾಣಲೆಂದು ಅದರ ಎರಡೂ ಬದಿಗೆ ಮೂರು ಮೂರು ಉದ್ಧರಣ ಚಿಹ್ನೆ ಹಾಕಿದಳು. ಊರಿನ ಹೆಸರಿಗೆ ಕೊಂಡಿಯಾಗಲೆಂದು ಜೋಡಿ ಆವರಣ ಕಟ್ಟಿದಳು.

ಒಂದು ಬೆಳಿಗ್ಗೆ ನೋಡಿದರೆ ಯಾರೋ ಅಲ್ಲಿ ‘ನಿಧನ’ ಎಂದು ಸೇರಿಸಿದ್ದರು. ಗಡಿಬಿಡಿಯಲ್ಲಿ ಅದನ್ನು ಅಳಿಸಿದಳು. ಆವರಣಗಳೂ ಅಳಿಸಿಹೋಗಿ ಪುಟ ಕಲಸುಮೇಲೋಗರವಾಯಿತು. ಆ ಮನುಷ್ಯ ಎಲ್ಲವನ್ನೂ ಸರಿಪಡಿಸಿ, ‘ನಿಧನ’ವನ್ನೂ ಮತ್ತೆ ಬರೆದ. ಮತ್ತೆ ಅಳಿಸಿದಳು. ಮತ್ತೆ ಬಂತು.

ಕಡೆಗೆ ಚರ್ಚೆ ಪುಟದಲ್ಲಿ ಅವನಿಗೇ ಬರೆದಳು: “ಯಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ, ಅವರು ಬದುಕ್ಯಾರ. ನಾ ಅವರ ಹೆಂಡತಿ, ದಾರಿ ಕಾಯಾಕತ್ತೀನಿ. ಸತ್ತಾರ ಅನ್ನಾಕ ನಿಮ್ಮ ಹತ್ರ ಏನು ಆಧಾರ ಐತಿ?”

ಉತ್ತರ ಬರುವವರೆಗೆ ಅವಳು ಪರದೆಯ ಮುಂದಿಂದ ಏಳಲಿಲ್ಲ.

“ಯವ್ವಾ, ನಿಮ್ಮ ವಿಷಯ ನಮಗ ಗೊತ್ತಿರಲಿಲ್ಲ, ತಪ್ಪು ತಿಳೀಬ್ಯಾಡ್ರಿ. ಅವರಿಗೆ ಮಣ್ಣು ಕೊಟ್ಟಾಂವ ನಾನ. ನಾ ಅವರ ಹಿರೇ ಮಗ.”